ಆರು ಗ್ರಾಂ ಉಂಗುರ, ಒಂದು ಮಾರು ದಾರ

"ಬೆರಳು ಬೇಕಾ, ಉಂಗುರ ಬೇಕಾ?"

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಸೂಪರ್‌ವೈಸರ್ ಕೇಳಿದ ಮೊದಲ ಮಾತು ಇದು. ನನ್ನ ನಿಶ್ಚಿತಾರ್ಥ ಆಗಿ ಒಂದು ರಾತ್ರಿಯೂ ಸರಿಯಾಗಿ ಕಳೆದಿರಲಿಲ್ಲ. ಕೈ ಕುಲುಕಿ ಸ್ವೀಟ್ ಎಲ್ಲಿ ಅಂತಾರೆ ಅಂದುಕೊಂಡಿದ್ದೆ.

ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಮಷೀನಿನ ಮುಂದೆ ನಿಲ್ಲುವವನ ಮೈಮೇಲೆ ಉಂಗುರ, ವಾಚು, ಚೈನು, ಕೈಗೆ ಕಟ್ಟಿದ ದೇವರ ದಾರ, ಯಾವುದೂ ಇರಬಾರದು. ಗ್ಲೌಸ್ ಕೂಡ ಹಾಕುವ ಹಾಗಿಲ್ಲ. ಲೋಹದ ತುಂಡನ್ನು ಹಿಡಿದು ತಿರುಗಿಸುವ ಚಕ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅಂದರೆ ಸೆಕೆಂಡಿಗೆ ಹತ್ತು. ಸುರುಳಿ ಸುರುಳಿಯಾಗಿ ಬರುವ ಸ್ಟೀಲಿನ ಎಳೆ ಉಂಗುರಕ್ಕೆ ತಗಲಿಕೊಂಡರೆ, ಕೈ ಹಿಂದಕ್ಕೆ ಎಳೆಯೋಣ ಅನ್ನಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕಾಲುಚೀಲ ಕಳಚಿದ ಹಾಗೆ ಬೆರಳಿನ ಚರ್ಮವೇ ಉಂಗುರದ ಜೊತೆ ಹೋಗಿಬಿಡುತ್ತದೆ. ಅದಕ್ಕೆ ಮಷೀನೇ ಬೇಕಾಗಿಲ್ಲ. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಫ್ಯಾಲನ್ 2015ರಲ್ಲಿ ಮನೆಯಲ್ಲೇ ಎಡವಿ ಬಿದ್ದಾಗ ಮದುವೆ ಉಂಗುರ ಸಿಕ್ಕಿಕೊಂಡಿತ್ತು. ಬೆರಳು ಉಳಿಸಲು ಆರು ಗಂಟೆ ಆಪರೇಷನ್ ಮಾಡಬೇಕಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹಾಕಿಕೊಂಡು ಬಂದೆ? ಬಿಚ್ಚಲು ಬರಲಿಲ್ಲ, ಅಷ್ಟೇ.

ತಪ್ಪು ನಮ್ಮಮ್ಮನದು. ಅಳತೆಗೆ ಅಂತ ಹುಡುಗಿ ಮನೆಯವರಿಗೆ ನನ್ನ ಹಳೇ ಬೆಳ್ಳಿ ಉಂಗುರ ಕೊಟ್ಟು ಕಳಿಸಿದ್ದಳು. ಅದು ನನ್ನ ಪಿಯುಸಿ ಕಾಲದ್ದು. ಆಮೇಲೆ ಹತ್ತು ವರ್ಷ ಕಬ್ಬಿಣ ಎತ್ತಿದ್ದೇನೆ, ಬೆರಳು ಹಾಗೇ ಇರುತ್ತಾ? ಭಾನುವಾರ ತುಮಕೂರಿನ ಚೌಲ್ಟ್ರಿಯಲ್ಲಿ ಲಗ್ನಪತ್ರಿಕೆ ಓದಿ, ತಾಂಬೂಲ ಬದಲಾಯಿಸಿ ಆದಮೇಲೆ ಉಂಗುರದ ಸರದಿ ಬಂತು. ಪುರೋಹಿತರು ಬಲಗೈ ಅಂದರು, ಫೋಟೋಗ್ರಾಫರ್ ಎಡಗೈ ಅಂದ. ಫೋಟೋಗ್ರಾಫರ್ ಗೆದ್ದ. ಹುಡುಗಿ, ಅಂದರೆ ಅವರು, ತೊಡಿಸಲು ಹೋದರೆ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. "ಒತ್ತಮ್ಮ, ಒತ್ತು" ಅಂತ ಹಿಂದಿನಿಂದ ಯಾರೋ ಹುರಿದುಂಬಿಸಿದರು. ಒತ್ತಿದರು. ಹೋಯಿತು. "ಹುಡುಗ ಸಿಕ್ಕಿಹಾಕಿಕೊಂಡ" ಅಂತ ಅವರ ಸೋದರಮಾವ ಕೂಗಿದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಗು ಬರಲಿಲ್ಲ.

ವರ್ಕ್‌ಶಾಪಿನಲ್ಲಿ ಸೋಪು ಹಚ್ಚಿದೆವು. ಗ್ರೀಸ್ ಹಚ್ಚಿದೆವು. ಎಳೆದಷ್ಟೂ ಬೆರಳು ಊದಿಕೊಂಡಿತು. ಹಿರಿಯ ಟರ್ನರ್ ಒಬ್ಬರು ವರ್ನಿಯರ್ ತಂದು ಅಳತೆ ಬೇರೆ ತೆಗೆದರು. ಗೆಣ್ಣು 19.6 ಮಿಲಿಮೀಟರ್. ಉಂಗುರದ ಒಳಗಿನ ಅಳತೆ ಲೆಕ್ಕ ಹಾಕಿದರೆ ಹದಿನೆಂಟರ ಹತ್ತಿರ. "ಬೇರಿಂಗ್ ಕೂರಿಸಿದ ಹಾಗೆ ಕೂರಿಸಿದ್ದಾರೆ ಕಣೋ, ಪ್ರೆಸ್ ಫಿಟ್ಟು" ಅಂದರು. ಇನ್ನೊಬ್ಬ ಹ್ಯಾಕ್ಸಾ ತಂದ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಕೊನೆಗೆ ಉಂಗುರ ತೊಡಿಸಿದವರಿಗೇ ಫೋನ್ ಮಾಡಿದೆ. ಅವರು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಮೂರು ತಿಂಗಳಿಂದ ಇಬ್ಬರೂ ಒಬ್ಬರಿಗೊಬ್ಬರು "ನೀವು, ಊಟ ಆಯ್ತಾ, ಹೇಗಿದ್ದೀರಾ" ಅಂತಲೇ ಮಾತಾಡುತ್ತಿದ್ದೆವು. ನಿನ್ನೆ ತೊಡಿಸಿದ್ದನ್ನು ಇವತ್ತು ಬಿಚ್ಚಬೇಕು ಅಂತ ಹೇಳುವುದು ಹೇಗೆ? ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಕಡೆ ಎರಡು ಸೆಕೆಂಡ್ ಸುಮ್ಮನಿದ್ದರು. ಆಮೇಲೆ, "ಬೆರಳು ನೀಲಿ ಆಗಿದ್ಯಾ?"

"ಇಲ್ಲ, ಕೆಂಪಗಿದೆ."

"ಎಳೀಬೇಡ. ಕೈ ತಲೆ ಮೇಲೆ ಎತ್ತು, ಹತ್ತು ನಿಮಿಷ. ಐಸ್ ಇದ್ರೆ ಇಡು. ಒಂದು ಮಾರು ದಾರ ತಗೋ, ನುಣ್ಣಗಿರೋದು."

ಎತ್ತು, ಇಡು, ತಗೋ. ಅವರಿಗೆ ಗಮನಕ್ಕೆ ಬಂತೋ ಇಲ್ಲವೋ, ನನಗಂತೂ ಬಂತು.

ಕೈ ಮೇಲೆತ್ತಿ ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೂತೆ. ಟೀ ಅಂಗಡಿಯಿಂದ ಐಸ್ ಬಂತು, ಪಕ್ಕದ ಟೈಲರ್ ಹತ್ತಿರ ನೈಲಾನ್ ದಾರ ಸಿಕ್ಕಿತು. ಆಮೇಲೆ ಸ್ಪೀಕರ್ ಫೋನಿನಲ್ಲಿ ಅವರು ಹೇಳಿದ್ದು, ಇಲ್ಲಿ ಹಿರಿಯ ಟರ್ನರ್ ಮಾಡಿದ್ದು. ದಾರದ ಒಂದು ತುದಿಯನ್ನು ಉಂಗುರದ ಕೆಳಗಿನಿಂದ ಅಂಗೈ ಕಡೆಗೆ ತೂರಿಸಬೇಕು. ಉಳಿದ ದಾರವನ್ನು ಉಂಗುರದ ಅಂಚಿನಿಂದ ಶುರುಮಾಡಿ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ, ಸಂದಿ ಬಿಡದೆ ಸುತ್ತಬೇಕು. ಆಮೇಲೆ ಅಂಗೈ ಕಡೆಯ ತುದಿಯನ್ನು ಉಗುರಿನ ಕಡೆಗೆ ಎಳೆಯುತ್ತಾ ನಿಧಾನವಾಗಿ ಬಿಚ್ಚುತ್ತಾ ಹೋಗಬೇಕು. ದಾರ ಬಿಚ್ಚಿದ ಹಾಗೆ ಉಂಗುರ ಒಂದೊಂದೇ ಸುತ್ತು ಮುಂದೆ ಬರುತ್ತದೆ. ಥ್ರೆಡ್ ಮೇಲೆ ನಟ್ ಬಂದ ಹಾಗೆ. ಗೆಣ್ಣಿನ ಹತ್ತಿರ ಜೀವ ಹೋಯಿತು. ಆಮೇಲೆ ಟಣ್ ಅಂತ ಮೇಜಿನ ಮೇಲೆ ಬಿತ್ತು.

ವರ್ಕ್‌ಶಾಪ್ ಪೂರ್ತಿ ಚಪ್ಪಾಳೆ. ನಿಶ್ಚಿತಾರ್ಥದಲ್ಲೂ ಇಷ್ಟು ಜೋರಾಗಿ ತಟ್ಟಿರಲಿಲ್ಲ.

ಅವತ್ತೇ ಅದನ್ನು ಸರಿಯಾಗಿ ನೋಡಿದ್ದು. ಒಳಗೆ ಹಾಲ್‌ಮಾರ್ಕಿನ ಬಿಐಎಸ್ ತ್ರಿಕೋನ, 22ಕೆ916, ಆಮೇಲೆ ಒಡವೆಯ ಗುರುತಿಗೆ ಹಾಕುವ ಆರು ಅಕ್ಷರ-ಅಂಕಿಯ ಎಚ್‌ಯುಐಡಿ. ನೂರಕ್ಕೆ 91.6 ಭಾಗ ಚಿನ್ನ. ತೂಕ ಆರು ಗ್ರಾಂ. ನಮ್ಮ ಮನೆಯವರು ಅವರಿಗೆ ಕೊಟ್ಟಿದ್ದು ನಾಲ್ಕು. ಹುಡುಗನ ಬೆರಳು ದಪ್ಪ ಅಲ್ವಾ ಅಂತ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಮಾತುಕತೆಯ ದಿನ ನಾನೂ ಅಲ್ಲೇ ಇದ್ದೆ. "ಹುಡುಗನಿಗೆ ಉಂಗುರ, ಚೈನು, ವಾಚು, ಸೂಟು" ಅಂತ ನಮ್ಮ ದೊಡ್ಡಪ್ಪ ಓದಿದಂತೆ ಹೇಳಿದರು. ಹುಡುಗಿಯ ಅಪ್ಪ ತಲೆ ಆಡಿಸಿದರು. ನಾನು ಕಾಫಿ ಲೋಟ ನೋಡುತ್ತಾ ಕೂತಿದ್ದೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಪಟ್ಟಿ ಹಾಗೇ ಇದೆ, ಪಟ್ಟಿಯ ಹೆಸರು ಮಾತ್ರ ವರೋಪಚಾರ ಆಗಿದೆ.

ಮುಂದಿನ ವಾರ ಊರಿನಲ್ಲಿ ಬರಿಗೈ ನೋಡಿ ಅಮ್ಮ ಹೌಹಾರಿದಳು. "ಬೀಗರು ನೋಡಿದ್ರೆ ಏನಂದ್ಕೋತಾರೆ? ಆರು ಗ್ರಾಂ ಹಾಕಿದ್ದಾರೆ!" ಅಪ್ಪ ಪೇಪರಿನಿಂದ ತಲೆ ಎತ್ತದೆ, "ಗಂಡಸಿಗೆ ಯಾಕೆ ಉಂಗುರ, ನಾನು ಹಾಕಿದ್ದೀನಾ?" ಅಂದರು. ಅಜ್ಜಿ ಬಿಡಲಿಲ್ಲ. "ರಾಮನ ಬೆರಳಲ್ಲಿ ಉಂಗುರ ಇಲ್ದಿದ್ರೆ ಹನುಮಂತ ಲಂಕೆಗೆ ಹೋಗಿ ಸೀತಮ್ಮಂಗೆ ಏನು ತೋರಿಸ್ತಿದ್ದ? ನಿನ್ನ ಪೇಪರಾ?"

ಅಪ್ಪ ಪೇಪರ್ ಮಡಚಿದರು.

ನನ್ನ ಮಟ್ಟಿಗೆ ಗಂಡಸು ಉಂಗುರ ಹಾಕಬೇಕು. ಮದುವೆ ಆದಮೇಲೆ ಅವರಿಗೆ ತಾಳಿ, ಕಾಲುಂಗುರ, ಬಳೆ ಎಲ್ಲ ಬರುತ್ತದೆ. ನನಗೆ ಇರುವುದು ಇದೊಂದೇ. ಅದೂ ಭಾರ ಅಂದರೆ ಹೇಗೆ? ಆದರೆ ನನ್ನ ಉಂಗುರದ ದುಡ್ಡು ನನ್ನ ಜೇಬಿನಿಂದ ಹೋಗಬೇಕಿತ್ತು. ಬೆಳ್ಳಿಯದಾದರೂ ಸರಿ. ಈ ಮಾತನ್ನು ಆ ದಿನ ಕಾಫಿ ಲೋಟ ಕೆಳಗಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಅಳತೆಯ ತಪ್ಪು ಅಮ್ಮನದಾದರೆ ಇದು ನನ್ನದೇ.

ಉಂಗುರವನ್ನು ಅಕ್ಕಸಾಲಿಗರ ಹತ್ತಿರ ಕೊಟ್ಟು ದೊಡ್ಡದು ಮಾಡಿಸಿದೆ. ಈಗ ವಾರಪೂರ್ತಿ ಲಾಕರಿನಲ್ಲಿ, ಖಾಲಿ ವಿಕ್ಸ್ ಡಬ್ಬಿಯೊಳಗೆ ಇರುತ್ತದೆ. ಭಾನುವಾರ ತುಮಕೂರು ಬಸ್ಸು ನೆಲಮಂಗಲ ದಾಟಿದ ಮೇಲೆ ತೆಗೆದು ಹಾಕಿಕೊಳ್ಳುತ್ತೇನೆ. ಮೊದಲ ಸಲ ಹಾಗೆ ಹಾಕಿಕೊಂಡು ಹೋದಾಗ ಅವರು ಬಸ್‌ಸ್ಟ್ಯಾಂಡಿಗೆ ನೈಟ್ ಡ್ಯೂಟಿಯಿಂದ ನೇರ ಬಂದಿದ್ದರು. ನಾನು ದೊಡ್ಡದಾಗಿ ಕೈ ಮುಂದೆ ಚಾಚಿ ತೋರಿಸಿದೆ.

ಅವರ ಕೈ ಖಾಲಿ.

"ಥಿಯೇಟರ್‌ನಲ್ಲಿ ನಾವೂ ಹಾಕೋ ಹಾಗಿಲ್ಲ, ಮರೆತೇಬಿಟ್ಟೆ" ಅಂತ ಬ್ಯಾಗಿನ ಒಳಜೇಬಿಗೆ ಕೈ ಹಾಕಿದರು. ಅಲ್ಲಿ ಒಂದು ಸೇಫ್ಟಿ ಪಿನ್ನು, ಪಿನ್ನಿನಲ್ಲಿ ನಾಲ್ಕು ಗ್ರಾಂ ಉಂಗುರ. ಪಿನ್ನು ಬಿಗಿಯಾಗಿತ್ತು, ಬಿಚ್ಚಲು ಬರಲಿಲ್ಲ.

"ಹಿಡ್ಕೋ" ಅಂತ ಬ್ಯಾಗನ್ನು ನನ್ನ ಕೈಗೆ ಕೊಟ್ಟರು.