ಜನಕಪುರಕ್ಕೆ ರೈಲಿನಲ್ಲಿ

2024 ಫೆಬ್ರವರಿ 11, ಭಾನುವಾರ
ಮುಲುಂಡ್, ಮುಂಬೈ

ಬೆಳಿಗ್ಗೆಯಿಂದ ಫೋನ್ ಮಾಡಿದವರದೆಲ್ಲ ಒಂದೇ ಮಾತು. "ವಿಮಾನದಲ್ಲಿ ಮೂರು ಗಂಟೆಯಲ್ಲಿ ಕಾಠ್ಮಂಡು ಮುಟ್ಟಬಹುದಿತ್ತು, ಯಾಕ್ರೀ ಒದ್ದಾಡಿದ್ರಿ?" ಒದ್ದಾಡಲಿಲ್ಲ, ನಾನೂ ನನ್ನವಳೂ ರೈಲಿನಲ್ಲಿ ನೇಪಾಳದ ಜನಕಪುರಕ್ಕೆ, ಅಲ್ಲಿಂದ ಕಾಠ್ಮಂಡುವಿಗೆ ಖುಷಿಯಾಗಿ ಹೋಗಿ ಬಂದೆವು. ಹೋಗಬೇಕು ಅನ್ನುವವರಿಗೆ ದಾರಿ ಗೊತ್ತಾಗಲಿ ಅಂತ ಬರೆದಿಡುತ್ತಿದ್ದೇನೆ.

ಕುರ್ಲಾ ಟರ್ಮಿನಸ್‌ನಿಂದ ಹೊರಡುವ ಪವನ್ ಎಕ್ಸ್‌ಪ್ರೆಸ್ ಬಿಹಾರದ ಜಯನಗರದವರೆಗೆ ಹೋಗುತ್ತದೆ. ಅಲ್ಲೇ ನೇಪಾಳದ ಗಡಿ. ನಾವು ಕಲ್ಯಾಣದಲ್ಲಿ ಹತ್ತಿದೆವು. ಒಂದೂವರೆ ದಿನದ ದಾರಿ. ಬೋಗಿ ತುಂಬ ದರ್ಭಂಗಾ, ಮಧುಬನಿ ಕಡೆಯವರು. ಎದುರು ಸೀಟಿನಲ್ಲಿ ಭಿವಂಡಿಯ ಪವರ್‌ಲೂಮ್‌ನಲ್ಲಿ ದುಡಿಯುವ ಅಣ್ಣತಮ್ಮಂದಿರು. ಊಟದ ಹೊತ್ತಿಗೆ ಅಣ್ಣ ತಟ್ಟೆಗೆ 'ಸತ್ತು' ಅನ್ನುವ ಹಿಟ್ಟು ಸುರಿದ. ಹುರಿದ ಕಡಲೆಯ ಹಿಟ್ಟು ಅದು. ತಮ್ಮ ಈರುಳ್ಳಿ, ಹಸಿಮೆಣಸು ಹೆಚ್ಚಿಕೊಟ್ಟ. ಉಪ್ಪು, ಉಪ್ಪಿನಕಾಯಿಯ ಎಣ್ಣೆ, ಚೂರು ನೀರು ಹಾಕಿ ಬೆರಳಲ್ಲೇ ಕಲಸಿ ಉಂಡೆ ಕಟ್ಟಿದರು. ಮೊದಲ ಉಂಡೆ ನನ್ನವಳ ಕೈಗೆ. ನಾವು ಕೋಡುಬಳೆ ಡಬ್ಬಿ ಮುಂದೆ ಮಾಡಿದೆವು. ಸಂಜೆಯ ಹೊತ್ತಿಗೆ ಅವರ ಮನೆ, ಹೊಲ, ಮಗಳ ಮದುವೆ ಎಲ್ಲಾ ಗೊತ್ತಾಗಿತ್ತು. ವಿಮಾನದಲ್ಲಿ ಪಕ್ಕದವರ ಹೆಸರೂ ಕೇಳುವುದಿಲ್ಲ, ಅಲ್ವಾ?

ಜಯನಗರದಿಂದ ಜನಕಪುರದ ಕಡೆ ನೇಪಾಳದ ರೈಲು. ಕಿರಿದಾದ ಹಳಿಯ ಹಳೆಯ ನ್ಯಾರೋಗೇಜ್ ಗಾಡಿ ನಿಂತುಹೋಗಿತ್ತು. ಅಗಲದ ಹಳಿ, ಅಂದರೆ ಬ್ರಾಡ್‌ಗೇಜ್ ಹಾಕಿ 2022ರ ಏಪ್ರಿಲ್‌ನಲ್ಲಿ ಮತ್ತೆ ಶುರು ಮಾಡಿದರು. ಡೀಸೆಲ್‌ನಲ್ಲಿ ಓಡುವ ಆ ಡೆಮು ಗಾಡಿಗಳನ್ನು ನೇಪಾಳಕ್ಕೆ ಒದಗಿಸಿದ್ದು ನಮ್ಮ ಕೊಂಕಣ ರೈಲ್ವೆ! ಉಡುಪಿಗೆ ಹೋಗಿಬರುವ ನಮಗೆ ಅದು ನೆಂಟರ ಗಾಡಿ ಅನಿಸಿತು. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಸಾಕು. ನಾವು ನೂರರ ನೋಟು ಜಾಸ್ತಿ ಇಟ್ಟುಕೊಂಡಿದ್ದೆವು, 2024ರಲ್ಲಿ ಐನೂರರದ್ದು ಅಲ್ಲಿ ನಡೆಯುತ್ತಿರಲಿಲ್ಲ. ಜಾನಕಿ ಮಂದಿರ ನೋಡಿ, ಸಿಂಧುಲಿ ಬೆಟ್ಟದ ದಾರಿಯಲ್ಲಿ ವ್ಯಾನ್ ಹಿಡಿದು ಕಾಠ್ಮಂಡು ಸೇರಿದೆವು. ತಿರುವು ಜಾಸ್ತಿ, ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು.

ನನಗೆ ಹೊಗೆಯ ಲೆಕ್ಕವೂ ಮುಖ್ಯ. ಜಗತ್ತಿನ ಇಂಗಾಲದ ಹೊಗೆಯಲ್ಲಿ ವಿಮಾನಗಳ ಪಾಲು ಶೇ. 2.5ರಷ್ಟು. ಸಣ್ಣದು ಅನಿಸಬಹುದು. ಆದರೆ ಭೂಮಿಯ ಹೆಚ್ಚಿನ ಜನ ವಿಮಾನ ಹತ್ತುವುದೇ ಇಲ್ಲ, ಹತ್ತುವವರು ಕೆಲವರೇ. ವಿಮಾನಗಳು ಆಕಾಶದಲ್ಲಿ ಎಳೆದ ಬಿಳಿ ಗೆರೆಗಳೂ ಶಾಖ ಹಿಡಿದಿಡುತ್ತವೆ. ರೈಲಿನ ಕರೆಂಟೂ ಬಹುಪಾಲು ಕಲ್ಲಿದ್ದಲಿನದೇ, ನಿಜ. ಆದರೂ ಒಂದೇ ಇಂಜಿನ್ ಸಾವಿರಕ್ಕೂ ಜಾಸ್ತಿ ಜನರನ್ನು ಎಳೆಯುತ್ತದಲ್ಲ. ತಲೆಗೆ ಹಂಚಿದರೆ ವಿಮಾನಕ್ಕಿಂತ ಎಷ್ಟೋ ಕಡಿಮೆ. ರಜೆ ಸಾಲದವರು ಹೋಗುವಾಗಲಾದರೂ ರೈಲು ಹಿಡಿಯಿರಿ.

ಮುಂದಿನದು ಲಂಕೆ. 1964ರ ಚಂಡಮಾರುತ ಧನುಷ್ಕೋಡಿಯನ್ನು ನುಂಗುವವರೆಗೂ ಮದ್ರಾಸಿನಿಂದ ರೈಲು, ಆಮೇಲೆ ಹಡಗು, ಮತ್ತೆ ರೈಲು ಹಿಡಿದು ಜನ ಕೊಲಂಬೋಗೆ ಹೋಗುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ನಾಗಪಟ್ಟಣದಿಂದ ಲಂಕೆಯ ಕಂಕೆಸಂತುರೈಗೆ ಹಡಗು ಶುರುವಾಗಿ, ಮಳೆಗೆ ನಿಂತಿತು. ಹಡಗು ಹೊರಡುವ ದಿನ ನೋಡಿ ಟಿಕೆಟ್ ಮಾಡುತ್ತೇನೆ. ಬಾವ, ಅಕ್ಕ ಇಬ್ಬರೂ ಬರುತ್ತಾರಂತೆ. ಇನ್ನೂ ಯಾರಾದರೂ ಬರುವುದಿದ್ದರೆ ಈಗಲೇ ಹೇಳಿ.