ಕಿಟಕಿಯಾಚೆ ನಡುಗುವ ರೈಲು

ಮೂರು ವಾರದಿಂದ ಒಂದು ಹಳೇ ರೈಲು ದರೋಡೆ ಸಿನಿಮಾದ ರೈಲು ನನ್ನ ತಲೆ ತಿನ್ನುತ್ತಿತ್ತು. ನಿನ್ನೆ ರಾತ್ರಿ ಒಂದೂವರೆಗೆ ಗೊತ್ತಾಯಿತು, ತಪ್ಪು ನನ್ನ ಸ್ಕ್ಯಾನರ್‌ದಲ್ಲ, 1903ನೇ ಇಸವಿಯದು.

ಫಿಲ್ಮು ರೀಲನ್ನು ಫ್ರೇಮ್ ಫ್ರೇಮಾಗಿ ಫೋಟೋ ತೆಗೆದು ಕಂಪ್ಯೂಟರಿಗೆ ಇಳಿಸುವ ಈ ಸ್ಕ್ಯಾನರ್ ಕಟ್ಟಿದ ಕತೆ ಮತ್ತೆ ಕೊರೆಯುವುದಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಕ್ಯಾಮೆರಾ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರ್, ಎಲ್ಲರ ಹತ್ತಿರ ಇರುವುದೇ. ಮೋಟಾರ್ ಬಗ್ಗೆ ಮಾತ್ರ ಒಂದು ಗೋಳು. ಸುತ್ತಿಗೆ 200 ಸ್ಟೆಪ್ ಅಂತ ಆಣೆ ಮಾಡಿ ಅಂಗಡಿಯವರು ಕೊಟ್ಟಿದ್ದು 400ರದ್ದು. ಫಿಲ್ಮು ಸಲಕ್ಕೆ ಅರ್ಧ ಫ್ರೇಮ್ ಸರಿಯುತ್ತಿತ್ತು. ದರೋಡೆಕೋರರ ಕಾಲು ಮೇಲೆ, ತಲೆ ಕೆಳಗೆ. ಕೇಳಿದರೆ "ಜಾಸ್ತೀನೇ ಕೊಟ್ಟಿದೀವಲ್ಲ ಸಾರ್" ಅಂದರು!

ರೀಲು ‘ದಿ ಗ್ರೇಟ್ ಟ್ರೇನ್ ರಾಬರಿ’ಯ 8 ಎಂಎಂ ಪ್ರಿಂಟ್. ಎಡ್ವಿನ್ ಎಸ್. ಪೋರ್ಟರ್ ಎಡಿಸನ್ ಕಂಪನಿಗೆ ತೆಗೆದದ್ದು. ಮೂಲ 35 ಎಂಎಂನಲ್ಲಿ ಸುಮಾರು 740 ಅಡಿ. ಅಡಿಗೆ 16 ಫ್ರೇಮ್. ಸೆಕೆಂಡಿಗೆ 16 ಓಡಿಸಿದರೆ ಸೆಕೆಂಡಿಗೊಂದು ಅಡಿ, ಒಟ್ಟು ಹನ್ನೆರಡು ನಿಮಿಷ ಚಿಲ್ಲರೆ. ಲೆಕ್ಕ ಎಷ್ಟು ಸಲೀಸು, ಅಲ್ವಾ?

ಮೊದಲ ದೃಶ್ಯವೇ ಕೈಕೊಟ್ಟಿತು. ಟೆಲಿಗ್ರಾಫ್ ಆಫೀಸು. ಕಿಟಕಿಯಾಚೆ ರೈಲು ಬಂದು ನಿಲ್ಲುತ್ತದೆ. ಪ್ರತಿ ಫ್ರೇಮನ್ನೂ ಫಿಲ್ಮಿನ ಪಕ್ಕದ ತೂತಿನ ಅಂಚಿಗೆ ಹೊಂದಿಸಿದ್ದೆ. ಆದರೂ ನಿಂತ ರೈಲಿಗೆ ಚಳಿಜ್ವರ ಬಂದ ಹಾಗೆ ನಡುಕ. ಫಿಲ್ಮನ್ನು ಕ್ಯಾಮೆರಾ ಮುಂದೆ ಒತ್ತಿ ಹಿಡಿಯುವ ಗೇಟಿನ ಸ್ಪ್ರಿಂಗ್ ಬದಲಿಸಿದೆ. ಗೇಟನ್ನೇ ಉಗುರು ಉಜ್ಜುವ ಅರದಿಂದ ತೀಡಿದೆ. ಫಿಲ್ಮು ಕುಗ್ಗಿದೆ ಅಂತ ಅದನ್ನೂ ಬೈದೆ. ಕೊನೆಗೆ ಒಂದೇ ಫ್ರೇಮನ್ನು ಅಲುಗಾಡಿಸದೆ 50 ಸಲ ತೆಗೆದೆ. ಕೂದಲೆಳೆಯಷ್ಟೂ ಕದಲಲಿಲ್ಲ.

ನೀರು ಕುಡಿಯಲು ಎದ್ದ ಹೆಂಡತಿ ಹಿಂದೆ ನಿಂತು ನೋಡಿ, "ಕಿಟಕಿ ಗಟ್ಟಿಯಾಗೇ ಇದೆಯಲ್ಲ ಕಣ್ರೀ, ರೈಲು ಮಾತ್ರ ನಡುಗ್ತಿದೆ" ಅಂದಳು.

ಅಷ್ಟೇ! ಸ್ಕ್ಯಾನರ್ ಅಲುಗಿದ್ದರೆ ಕಿಟಕಿಯ ಚೌಕಟ್ಟೂ ಜೊತೆಗೆ ಅಲುಗಬೇಕಿತ್ತು. ಪೋರ್ಟರ್ ಒಂದೇ ನೆಗೆಟಿವ್ ಮೇಲೆ ಆಫೀಸನ್ನು ಒಂದು ಸಲ, ಕಿಟಕಿಯ ಜಾಗದಲ್ಲಿ ರೈಲನ್ನು ಇನ್ನೊಂದು ಸಲ ತೆಗೆದಿದ್ದ. ಎರಡು ಸಲವೂ ಫಿಲ್ಮು ಕ್ಯಾಮೆರಾದಲ್ಲಿ ಕರಾರುವಾಕ್ಕಾಗಿ ಒಂದೇ ಕಡೆ ಕೂತಿಲ್ಲ. ಅನುಮಾನಕ್ಕೆ ರೈಲಿನೊಳಗಿನ ದೃಶ್ಯ ತೆಗೆದೆ. ತೆರೆದ ಬಾಗಿಲಾಚೆ ಓಡುವ ಮರಗಳಿಗೂ ಅದೇ ರೋಗ. ಕಾಡಿನಲ್ಲಿ ಕುದುರೆ ಅಟ್ಟಿಸಿಕೊಂಡು ಬರುವಲ್ಲಿ ಇಲ್ಲವೇ ಇಲ್ಲ, ಅಲ್ಲಿ ಜೋಡಣೆಯೇ ಇಲ್ಲವಲ್ಲ.

ಕಿಟಕಿಯನ್ನು ಮಾತ್ರ ಕತ್ತರಿಸಿ ಸ್ಥಿರಗೊಳಿಸಲು ಬರೆದಿದ್ದ 90 ಸಾಲು ಕೋಡ್ ಅಳಿಸಿದೆ. ಹೊಟ್ಟೆ ಉರಿಯಿತು, ಆದರೂ ಆ ನಡುಕ ಪೋರ್ಟರನದು, ನಾನ್ಯಾಕೆ ಒರೆಸಲಿ?

ಇಷ್ಟರಲ್ಲೇ ಮುಂದಿನ ಹುಚ್ಚು ಹತ್ತಿದೆ. ದರೋಡೆಕೋರರ ನಾಯಕನಾದ ನಟ ಜಸ್ಟಸ್ ಬಾರ್ನ್ಸ್ ನೇರ ನಮ್ಮ ಕಡೆಗೇ ಗುಂಡು ಹಾರಿಸುವ ಶಾಟ್ ಇದೆಯಲ್ಲ, ಮೊದಲಿಗಾದರೂ ಹಾಕಿ ಕೊನೆಗಾದರೂ ಹಾಕಿ ಅಂತ ಎಡಿಸನ್ ಕ್ಯಾಟಲಾಗ್ ಪ್ರದರ್ಶಕರಿಗೇ ಬಿಟ್ಟಿದ್ದದ್ದು? ಅದರ ಫ್ರೇಮುಗಳನ್ನು ದಪ್ಪ ಕಾಗದದ ಮೇಲೆ ಛಾಪಿಸಿ, ಚಕ್ರಕ್ಕೆ ಸಿಕ್ಕಿಸಿ, ಕೈಯಲ್ಲಿ ತಿರುಗಿಸಿ ನೋಡುವ ಪೆಟ್ಟಿಗೆ ಮಾಡಬೇಕು. ಹಿಡಿಗೆ ಅಮ್ಮನ ಕೈಹೊಲಿಗೆ ಮಷೀನ್ ಮೇಲೆ ಕಣ್ಣಿಟ್ಟಿದ್ದೇನೆ. ಸಿನಿಮಾದ ಆದ್ಯರಲ್ಲೊಬ್ಬನಾದ ಲೂಮಿಯೇರ್‌ಗೆ ಫಿಲ್ಮನ್ನು ನಿಲ್ಲಿಸಿ ನಿಲ್ಲಿಸಿ ಎಳೆಯುವ ಉಪಾಯ ಹೊಳೆದದ್ದೇ ಹೊಲಿಗೆ ಯಂತ್ರದಿಂದ ಅಂತ ಒಂದು ಸಮಜಾಯಿಷಿಯೂ ತಯಾರಿದೆ. ಅಮ್ಮನನ್ನು ಇನ್ನೂ ಕೇಳಿಲ್ಲ.