25ಕ್ಕೆ 4, 25ಕ್ಕೆ 13: ಶಾಟ್‌ಗನ್ ಕಲಿಕೆಯ ಹನ್ನೊಂದು ವಾರ

ಮೊದಲ ವಾರ

ಗಾಳಿಗೆ ಎಸೆದ ಬಿಲ್ಲೆಗಳನ್ನು ಶಾಟ್‌ಗನ್ನಿನಿಂದ, ಅಂದರೆ ಒಂದೇ ಈಡಿಗೆ ನೂರಾರು ಸಣ್ಣ ಚರೆ ಹಾರಿಸುವ ಕೋವಿಯಿಂದ, ಹೊಡೆಯೋಣ ಅಂತ ಹೋದವನ ಕೈಗೆ ಮೊದಲ ದಿನ ಒಂದೇ ಒಂದು ತೋಟಾ ಕೊಡಲಿಲ್ಲ. ಎರಡು ಗಂಟೆ ಕೋವಿ ತೆರೆ, ನಳಿಗೆಯೊಳಗೆ ನೋಡು, ಮುಚ್ಚು, ಮತ್ತೆ ತೆರೆ. ಅಷ್ಟೇ. ಕೋವಿ 12 ಬೋರಿನದು, ಒಂದರ ಮೇಲೊಂದು ನಳಿಗೆ ಇರುವ ಜೋಡುನಳಿಗೆ. ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ಬಲಕ್ಕೆ ತಳ್ಳಿದರೆ ನಡುವಿಗೆ ಮಡಚಿಕೊಳ್ಳುತ್ತದೆ. ನಡೆಯುವಾಗ ಹಾಗೆ ಮಡಚಿಯೇ ತೋಳಿನ ಮೇಲೆ ಹಾಕಿಕೊಳ್ಳಬೇಕು. ಹತ್ತು ಹೆಜ್ಜೆ ಆಚೆ ನಿಂತವನಿಗೂ ಅದು ಖಾಲಿ ಅಂತ ಕಾಣುತ್ತದೆ, ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

"ಸೇಫ್ಟಿ ಹಾಕಿದ್ದೀನಲ್ಲ" ಅಂದಿದ್ದಕ್ಕೆ ತರಬೇತುದಾರರು ನಕ್ಕರು. ಎಷ್ಟೋ ಶಾಟ್‌ಗನ್‌ಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗೆ ಸ್ಪ್ರಿಂಗಿನ ಬಿಗಿಯಲ್ಲಿ ನಿಂತಿರುವ ಹ್ಯಾಮರ್ ಹಾಗೇ ಇರುತ್ತದೆ, ಕೋವಿ ಜೋರಾಗಿ ಬಿದ್ದರೆ ಜಾರಲೂಬಹುದು. ಹಾಗಾಗಿ ಮೂತಿ ಯಾವತ್ತೂ ಬಯಲಿನ ಕಡೆಗೇ, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಗಾರ್ಡಿನ ಹೊರಗೇ.

ಜೇಬಿನಲ್ಲಿ ಬೇರೆ ಬೋರಿನ ತೋಟಾ ಬೆರೆಸಬಾರದು ಅನ್ನುವುದೂ ಅವತ್ತೇ ಗೊತ್ತಾಯಿತು. ಬೋರಿನ ಅಂಕೆ ದೊಡ್ಡದಾದಷ್ಟು ತೋಟಾ ಸಣ್ಣದು, ಹಾಗಾಗಿ 20 ಬೋರಿನ ತೋಟಾ 12 ಬೋರಿನ ಕೋವಿಗೆ ಹಾಕಿದರೆ ಮುಂದಕ್ಕೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ. ಅದರ ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಅದೂ ಎಡಗೈ ಹಿಡಿದಿರುವ ಜಾಗದ ಹತ್ತಿರವೇ. 20ರ ತೋಟಾಕ್ಕೆ ಹಳದಿ ಬಣ್ಣ ಹಾಕುವ ರೂಢಿ ಬಂದಿದ್ದು ಈ ಭಯದಿಂದ.

ಎರಡನೇ ವಾರ

ನನ್ನ ಕಣ್ಣಿನದೇ ತಕರಾರು. ಎರಡೂ ಅಂಗೈ ಜೋಡಿಸಿ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಕಂಬ ನೋಡಿದೆ. ಎಡಗಣ್ಣು ಮುಚ್ಚಿದ ಕೂಡಲೇ ಕಂಬ ಮಾಯ! ಬಲಗೈಯವನಿಗೆ ಎಡಗಣ್ಣಿನ ಯಜಮಾನಿಕೆ. ಹೀಗಿದ್ದರೆ ಬಲಭುಜದಿಂದ ಹೊಡೆದ ಈಡು ಎಡಕ್ಕೆ ಹೋಗುತ್ತದೆ, ಯಾಕೆಂದರೆ ಶಾಟ್‌ಗನ್ನಿನಲ್ಲಿ ಹಿಂದಿನ ಗುರಿಕಡ್ಡಿ ಅಂತ ಇರುವುದಿಲ್ಲ, ಕೆನ್ನೆಯ ಮೇಲೆ ಕೂತ ಕಣ್ಣೇ ಹಿಂದಿನ ಗುರಿಕಡ್ಡಿ. ಎಡಭುಜಕ್ಕೆ ಬದಲಾಯಿಸು ಅಂದರು. ಒಂದು ದಿನ ಮಾಡಿ ನೋಡಿದೆ, ಎಡಗೈಯಲ್ಲಿ ಊಟ ಮಾಡಿದಂತಾಯಿತು. ಕೊನೆಗೆ ಕನ್ನಡಕದ ಎಡಗಾಜಿಗೆ ಉಗುರಿನಷ್ಟು ಮಸುಕು ಟೇಪ್ ಅಂಟಿಸಿಕೊಂಡೆ. ಸದ್ಯಕ್ಕೆ ನಡೆಯುತ್ತಿದೆ.

ಮೂರು, ನಾಲ್ಕನೇ ವಾರ

ಮನೆಯಲ್ಲಿ ಒಣ ಅಭ್ಯಾಸ. ಕೋಣೆಯಲ್ಲಿ ತೋಟಾ ಇರಕೂಡದು. ನಳಿಗೆ ಖಾಲಿ ಅಂತ ಎರಡು ಸಲ ನೋಡಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟಾ) ಹಾಕಿ, ಬರೀ ಗೋಡೆಯ ಕಡೆ ತಿರುಗಿ ಕೋವಿ ಏರಿಸುವುದು. ದಿನಕ್ಕೆ ಐವತ್ತು ಸಲ. ಬರೆದುಕೊಳ್ಳುವಂಥದ್ದು ಏನೂ ನಡೆಯಲಿಲ್ಲ, ಒಂದನ್ನು ಬಿಟ್ಟು: ನಾನು ಸ್ಟಾಕನ್ನು (ಕೋವಿಯ ಹಿಂಬದಿಯ ಹಿಡಿ) ಮೊದಲು ಭುಜಕ್ಕೆ ಒತ್ತಿ ಆಮೇಲೆ ತಲೆ ಬಗ್ಗಿಸುತ್ತಿದ್ದೆ. ಆಗಬೇಕಾದ್ದು ತಿರುಗಾಮುರುಗ. ತಲೆ ಅಲುಗಾಡದೆ ನಿಲ್ಲಬೇಕು, ಸ್ಟಾಕೇ ಎದ್ದು ಬಂದು ಕೆನ್ನೆಗೆ ತಾಗಬೇಕು, ಭುಜ ತಾನಾಗಿ ಮುಂದೆ ಬಂದು ಅದನ್ನು ತುಂಬಿಕೊಳ್ಳಬೇಕು. ಕನ್ನಡಿ ಮುಂದೆ ನಿಂತಾಗಲೇ ನನ್ನ ಕೋಳಿಕತ್ತು ಕಂಡಿದ್ದು.

ಐದನೇ ವಾರ

ಮೊದಲ ಪೂರ್ತಿ ಸುತ್ತು. 25 ಬಿಲ್ಲೆ, 4 ಒಡೆದವು.

ಅಂಕಕ್ಕಿಂತ ಬರೆದಿಡಬೇಕಾದ್ದು ಹದಿನಾರನೇ ಬಿಲ್ಲೆಯ ಕತೆ. ಟ್ರಿಗರ್ ಎಳೆದೆ, "ಟಿಕ್" ಅಂತು. ಈಡು ಹಾರಲಿಲ್ಲ. "ಸಾರ್, ಇದು..." ಅನ್ನುತ್ತಾ ತಿರುಗಿದೆ. ನಾನೊಬ್ಬನೇ ತಿರುಗಲಿಲ್ಲ, ಮುಚ್ಚಿದ ಕೋವಿಯೂ ನನ್ನ ಜೊತೆ ತಿರುಗಿತು. ಅವರು ಮಾತಾಡಲಿಲ್ಲ. ಎಡಗೈಯಿಂದ ನಳಿಗೆ ಹಿಡಿದು ಬಯಲಿನ ಕಡೆಗೇ ತಳ್ಳಿ ಹಾಗೇ ಹಿಡಿದು ನಿಂತರು. ಮೂವತ್ತು ಸೆಕೆಂಡ್ ಎಣಿಸಿ ಅಂದರು. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟಂತೆ. ಎಣಿಸಿದ ಮೇಲೆ ಕೋವಿ ತೆರೆದರೆ ತೋಟಾದ ಹಿತ್ತಾಳೆ ಬುಡದಲ್ಲಿ ಪಿನ್ನಿನ ಗುರುತು ತೆಳ್ಳಗೆ ಬಿದ್ದಿತ್ತು. ನಳಿಗೆಯ ಬಿಸಿಗೆ ಅವರ ಅಂಗೈ ಕೆಂಪಾಗಿತ್ತು. ಉಳಿದ ಒಂಬತ್ತು ಬಿಲ್ಲೆಗಳಲ್ಲಿ ನಾನು ಒಂದನ್ನೂ ಮುಟ್ಟಲಿಲ್ಲ.

"ಟಿಕ್" ಬದಲು ಸದ್ದು ಪುಸ್ ಅಂದರೆ ಇನ್ನೊಂದು ಜಾಗ್ರತೆ ಬೇಕು: ಎರಡನೇ ಈಡು ಹೊಡೆಯದೆ ಕೋವಿ ಖಾಲಿ ಮಾಡಿ, ನಳಿಗೆಯಲ್ಲಿ ತೋಟಾದ ಪ್ಲಾಸ್ಟಿಕ್ ವಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಸಿಕ್ಕಿಕೊಂಡಿದೆಯೇ ಅಂತ ಆರಪಾರ ನೋಡಬೇಕು.

ಏಳನೇ ವಾರ

25ಕ್ಕೆ 9. ಮಧ್ಯೆ ಒಂದು ವಾರ ಹೋಗಲಿಲ್ಲ, ಹೋಗುವ ಮನಸ್ಸೇ ಆಗಲಿಲ್ಲ. ಈಗ ತಿರುಗುವ ಮೊದಲು ಕೋವಿ ತಾನಾಗಿ ಮಡಚಿಕೊಳ್ಳುತ್ತದೆ, ನಾನು ಯೋಚಿಸಬೇಕಿಲ್ಲ.

ಬಿಲ್ಲೆ 110 ಮಿಲಿಮೀಟರ್ ಅಗಲದ್ದು, ತೂಕ ಸುಮಾರು 105 ಗ್ರಾಂ. ಅಂಗೈಯಲ್ಲಿ ಹಿಡಿದರೆ ದೊಡ್ಡದೇ, ಹಾರಿದರೆ ಕಿತ್ತಳೆ ಬಣ್ಣದ ಚುಕ್ಕಿ. ಕುತೂಹಲಕ್ಕೆ ಲೆಕ್ಕ ಹಾಕಿದೆ. ಚರೆ 30 ಮೀಟರ್ ದೂರ ಹೋಗಲು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಬಿಲ್ಲೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅಡ್ಡ ಹಾರುತ್ತಿದ್ದರೆ ಅಷ್ಟರಲ್ಲಿ ಎರಡು ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಬಿಲ್ಲೆಯನ್ನೇ ಗುರಿಯಿಟ್ಟು ಹೊಡೆದರೆ ತಪ್ಪುವುದು ಗ್ಯಾರಂಟಿ.

ಲೆಕ್ಕ ಸರಿ, ಅದನ್ನು ಮನಸ್ಸಲ್ಲಿಟ್ಟುಕೊಂಡು ಹೊಡೆಯಲು ಹೋಗಿದ್ದು ತಪ್ಪು. ಎರಡು ಮೀಟರ್ ಅಳೆಯಲು ಕಣ್ಣು ಬಿಲ್ಲೆಯಿಂದ ನಳಿಗೆಯ ತುದಿಯ ಮಣಿಗೆ ಬರುತ್ತದೆ, ಬಂದ ಕೂಡಲೇ ಕೈ ನಿಲ್ಲುತ್ತದೆ, ಈಡು ಹಿಂದೆ ಬೀಳುತ್ತದೆ. ತರಬೇತುದಾರರು ಆ ಮಣಿಗೇ ಕಪ್ಪು ಟೇಪ್ ಸುತ್ತಿಬಿಟ್ಟರು. ಬಿಲ್ಲೆಯ ಹಿಂದಿನಿಂದ ಶುರುಮಾಡು, ಅದನ್ನು ದಾಟು, ದಾಟುವಾಗ ಎಳೆ, ಎಳೆದ ಮೇಲೂ ಕೈ ನಿಲ್ಲಿಸಬೇಡ ಅಂದರು. ಅವತ್ತಿನ ಒಂಬತ್ತರಲ್ಲಿ ಆರು ಬಿದ್ದಿದ್ದು ಟೇಪ್ ಸುತ್ತಿದ ಮೇಲೆಯೇ.

ಮೊದಲ ವಾರ ಅಷ್ಟು ಸಲ ಯಾಕೆ ತೆರೆದು ಮುಚ್ಚಿಸಿದರು ಅನ್ನುವುದು ಅರ್ಥವಾಗಿದ್ದು ಆಗಲೇ. ಹೊಡೆಯುವಾಗ ಕಣ್ಣು ಕೋವಿಯ ಮೇಲೆ ಇರಲೇಬಾರದು. ನೋಡಲಾಗದ ವಸ್ತುವನ್ನು ಕೈ ತಾನೇ ಕಾಯಬೇಕು.

ಒಂಬತ್ತನೇ ವಾರ

ದೊಡ್ಡ ಕಾಗದ ಕಟ್ಟಿ ಒಂದು ಈಡು ಹೊಡೆದು ಚರೆ ಎಲ್ಲೆಲ್ಲಿ ಬಿದ್ದಿದೆ ನೋಡಿದೆವು. 24 ಗ್ರಾಂ ತೋಟಾದಲ್ಲಿ ಸಣ್ಣ ಚರೆ ಸುಮಾರು 300 ಇರುತ್ತವೆ. ಅಷ್ಟಿದ್ದೂ ಅಂಚಿನಲ್ಲಿ ಬಿಲ್ಲೆಯೇ ತೂರಿಹೋಗುವಂಥ ಖಾಲಿ ಜಾಗಗಳಿದ್ದವು. "ಶಾಟ್‌ಗನ್ ಆದರೆ ಹೇಗೆ ಹೊಡೆದರೂ ಬೀಳುತ್ತೆ" ಅನ್ನುವ ಗೆಳೆಯರಿಗೆ ತೋರಿಸಲು ಆ ಕಾಗದ ಮಡಚಿ ಇಟ್ಟುಕೊಂಡಿದ್ದೇನೆ.

ಹನ್ನೊಂದನೇ ವಾರ

13. ನೇರ ದೂರ ಹೋಗುವವು ಈಗ ಹೆಚ್ಚುಕಡಿಮೆ ಎಲ್ಲ ಒಡೆಯುತ್ತಿವೆ. ಎಡಕ್ಕೆ ಓಡುವವು ಅರ್ಧಕ್ಕರ್ಧ. ಬಲಕ್ಕೆ ಓಡುವವು ಐದರಲ್ಲಿ ಒಂದು. ಬಲಭುಜದವನು ಬಲಕ್ಕೆ ತಿರುಗಿದಾಗ ಸ್ಟಾಕ್ ಕೆನ್ನೆಯಿಂದ ದೂರ ಸರಿಯುತ್ತದೆ, ನಾನು ಸೊಂಟದಿಂದ ತಿರುಗುವ ಬದಲು ಬರೀ ತೋಳು ಎಳೆಯುತ್ತಿದ್ದೇನೆ. ಮುಂದಿನ ವಾರ ಬಲಕ್ಕೆ ಓಡುವ ಬಿಲ್ಲೆ ಮಾತ್ರ ಎಸೆಯಿರಿ ಅಂತ ಕೇಳಿಕೊಂಡು ಬಂದಿದ್ದೇನೆ. ಮಣಿಯ ಟೇಪ್ ಹಾಗೇ ಇದೆ.